ಒಂದು ಗಾಡಿಯ ಫೋರ್ಕ್ ಇನ್ನೊಂದು ಗಾಡಿಗೆ: ಡರ್ಟ್ ಬೈಕ್ ಮುಂಭಾಗ ಬದಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಬರುವ ಫೋಟೋಗಳೆಲ್ಲ ಒಂದೇ ಥರ ಇರುತ್ತವೆ. ಗುಜರಿ ಅಂಗಡಿಯ ನೆಲ, ಅದರ ಮೇಲೆ ಚಿನ್ನದ ಬಣ್ಣದ ಎರಡು ಕೊಳವೆ, ಅಂದರೆ ಮುಂದಿನ ಚಕ್ರ ಹಿಡಿಯುವ ಫೋರ್ಕ್, ಕೆಳಗೆ ಒಂದು ಸಾಲು: "ಇದು ನನ್ನ ಗಾಡಿಗೆ ಕೂರುತ್ತಾ?" ಕೊಳವೆ ಹಿಡಿಯುವ ಟಿ ಇಲ್ಲ, ಆಕ್ಸಲ್ ಇಲ್ಲ, ವೀಲ್ ಇಲ್ಲ. ಅಂಗಡಿಯವನು ಸಂಜೆವರೆಗೆ ಮಾತ್ರ ಟೈಮ್ ಕೊಟ್ಟಿರುತ್ತಾನೆ. ಒಬ್ಬೊಬ್ಬರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ನಾನು ಇಂಜಿನಿಯರ್ ಅಲ್ಲ. ಹಾಸನದ ಮನೆ ಹಿಂದಿನ ಶೆಡ್ಡಿನಲ್ಲಿ ಗಾಡಿ ಬಿಚ್ಚಿ ಜೋಡಿಸುವವನು, ಮಲೆನಾಡಿನ ಕೆಸರಲ್ಲಿ ಬೀಳುವವನು.

ಫೋರ್ಕ್ ಬದಲಿಸುವುದು ಅಂದರೆ ಎರಡು ಕೊಳವೆ ಬಿಚ್ಚಿ ಬೇರೆ ಎರಡು ಹಾಕುವುದು ತಾನೇ?

ಒಂದೇ ಮಾಡೆಲ್ ಆದರೆ ಹೌದು, ಅಷ್ಟೇ. ಬೇರೆ ಮಾಡೆಲ್ ಆದರೆ ಕಥೆ ಬೇರೆ.

ಎರಡು ಕೊಳವೆಯನ್ನು ಹಿಡಿದುಕೊಂಡಿರುವುದು ಮೇಲೊಂದು, ಕೆಳಗೊಂದು ಹಿಡಿಕೆ. ನಮ್ಮ ಮೆಕ್ಯಾನಿಕ್‌ಗಳು ಅದನ್ನು ಟಿ ಎನ್ನುತ್ತಾರೆ, ಕಂಪನಿಯ ಪುಸ್ತಕದಲ್ಲಿ ಟ್ರಿಪಲ್ ಕ್ಲ್ಯಾಂಪ್. ಕೆಳಗಿನ ಟಿಗೆ ಒತ್ತಿ ಕೂರಿಸಿದ ಸ್ಟೆಮ್ ಚಾಸಿಯ ಹೆಡ್ ಪೈಪಿನೊಳಗೆ ಹೋಗುತ್ತದೆ. ಅದು ತಿರುಗುವುದು ಕೋನ್ ಸೆಟ್ ಎನ್ನುವ ಬೇರಿಂಗ್ ಜೋಡಿಯ ಮೇಲೆ. ಇನ್ನು ಕೆಳಗೆ ಬನ್ನಿ. ಫೋರ್ಕಿಗೆ ತಕ್ಕ ಆಕ್ಸಲ್, ಆಕ್ಸಲ್‌ಗೆ ತಕ್ಕ ಹಬ್, ಹಬ್‌ಗೆ ತಕ್ಕ ಡಿಸ್ಕ್, ಡಿಸ್ಕಿಗೆ ತಕ್ಕ ಕ್ಯಾಲಿಪರ್. ಮದುಮಗನ ಹಿಂದೆ ದಿಬ್ಬಣ ಬಂದ ಹಾಗೆ ಒಂದರ ಹಿಂದೆ ಒಂದು ಬರುತ್ತವೆ.

ಹಾಗಾಗಿ ಯಾರು ಕೇಳಿದರೂ ಮೊದಲು ಹೇಳುವುದು ಇಷ್ಟೇ: ಬರೀ ಕೊಳವೆ ತರಬೇಡಿ. ಸ್ವಲ್ಪ ಜಾಸ್ತಿ ಕೊಟ್ಟಾದರೂ ಎರಡು ಟಿ, ಸ್ಟೆಮ್, ಆಕ್ಸಲ್, ಸ್ಪೇಸರ್, ವೀಲ್, ಕ್ಯಾಲಿಪರ್, ಬ್ರೇಕ್ ಮಾಸ್ಟರ್ ಸಮೇತ ಒಂದೇ ಗಾಡಿಯ ಪೂರ್ತಿ ಮುಂಭಾಗ ತನ್ನಿ. ಆಗ ನಿಮ್ಮ ತಲೆನೋವು ಒಂದೇ ಜಾಗಕ್ಕೆ ಇಳಿಯುತ್ತದೆ. ಆ ಸ್ಟೆಮ್ ನಿಮ್ಮ ಹೆಡ್ ಪೈಪಿಗೆ ಕೂರಬೇಕು, ಅಷ್ಟೇ. ಬಿಡಿ ಬಿಡಿಯಾಗಿ ತಂದರೆ ಹತ್ತು ಜಾಗದಲ್ಲಿ ಲೇತ್ ಕೆಲಸ ಬೀಳುತ್ತದೆ.

ನನ್ನ ಗಾಡಿಯ ಮುಂಭಾಗ ಹಳ್ಳಕ್ಕೆ ಬಿದ್ದರೆ ಧಡ್ ಅಂತ ಬಡಿಯುತ್ತದೆ. ಫೋರ್ಕ್ ಬದಲಿಸಲೇಬೇಕಾ?

ಹತ್ತಕ್ಕೆ ಏಳು ಜನಕ್ಕೆ ಬೇಡ. ಮೊದಲು ಇರುವ ಫೋರ್ಕಿನ ಆಯಿಲ್ ಯಾವಾಗ ಬದಲಿಸಿದ್ದೀರಿ ನೋಡಿ. "ಗಾಡಿ ತಗೊಂಡಾಗಿನಿಂದ ಮುಟ್ಟಿಲ್ಲ" ಅನ್ನುವವರೇ ಜಾಸ್ತಿ. ಕಪ್ಪು ನೀರಿನ ಹಾಗೆ ಆಗಿರುವ ಆಯಿಲ್ ಏನನ್ನೂ ತಡೆಯುವುದಿಲ್ಲ.

ಆಮೇಲೆ ಸ್ಪ್ರಿಂಗ್. ನಿಮ್ಮ ತೂಕ 95 ಕಿಲೋ ಇದ್ದು, ಹಿಂದೆ ಸಾಮಾನು ಬೇರೆ ಕಟ್ಟಿದರೆ, 65 ಕಿಲೋದವರಿಗೆಂದು ಮಾಡಿದ ಸ್ಪ್ರಿಂಗ್ ಅರ್ಧ ದಾರಿಯಲ್ಲೇ ಕೂತಿರುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿ, ಆಯಿಲ್ ಮಟ್ಟ ಸರಿ ಮಾಡಿ. ಆಯಿಲ್ ಮಟ್ಟ ಅಳೆಯುವ ಕ್ರಮ: ಸ್ಪ್ರಿಂಗ್ ಹೊರಗೆ ತೆಗೆದು, ಫೋರ್ಕನ್ನು ಪೂರ್ತಿ ಒತ್ತಿ, ಕೊಳವೆಯ ಮೇಲಂಚಿನಿಂದ ಆಯಿಲ್ ತನಕ ಎಷ್ಟು ಮಿ.ಮೀ. ಇದೆ ನೋಡುವುದು. ಫೋರ್ಕಿನ ಎರಡೂ ಕಾಲಿನಲ್ಲಿ, ಅಂದರೆ ಎಡ ಬಲ ಕೊಳವೆಗಳಲ್ಲಿ, ಒಂದೇ ಇರಬೇಕು. ಆಯಿಲ್ ಜಾಸ್ತಿ ಆದಷ್ಟೂ ಮೇಲಿನ ಗಾಳಿಗೆ ಜಾಗ ಕಡಿಮೆ, ಕೊನೆಯ ಸ್ವಲ್ಪ ದೂರ ಗಟ್ಟಿಯಾಗುತ್ತದೆ.

ಹಳೆಯ ಕಾಲದ ಡ್ಯಾಂಪರ್ ರಾಡ್ ಫೋರ್ಕ್ (ತೂತಿರುವ ರಾಡಿನ ಮೂಲಕ ಆಯಿಲ್ ಹಾಯಿಸಿ ತಡೆಯುವಂಥದ್ದು) ಆದರೆ ಎಮ್ಯುಲೇಟರ್ ಅಂತ ಒಂದು ಪುಟ್ಟ ವಾಲ್ವ್ ಸಿಗುತ್ತದೆ. ರಾಡಿನ ಕೆಳಗಿನ ತೂತುಗಳನ್ನು ದೊಡ್ಡದು ಮಾಡಿ, ರಾಡಿನ ತಲೆಯ ಮೇಲೆ ಇದನ್ನು ಕೂರಿಸಿ, ಅದರ ಮೇಲೆ ಸ್ಪ್ರಿಂಗ್ ಬಿಡುವುದು. ನಿಧಾನಕ್ಕೆ ಹೋಗುವಾಗ ಬಿಗಿ, ಕಲ್ಲಿಗೆ ಬಡಿದಾಗ ಸಡಿಲ. ಚಾಸಿ ಮುಟ್ಟಬೇಕಿಲ್ಲ, ವೀಲ್ ಬದಲಿಸಬೇಕಿಲ್ಲ, ಒಂದು ಭಾನುವಾರದ ಕೆಲಸ.

ಎಕ್ಸ್‌ಪಲ್ಸ್ 200 ಇದೆ. ಯಾವ ಫೋರ್ಕ್ ಹಾಕಲಿ?

ಕರ್ನಾಟಕದಲ್ಲಿ ಇದೇ ಅತಿ ಹೆಚ್ಚು ಬರುವ ಪ್ರಶ್ನೆ. ಮಾಮೂಲಿ ಎಕ್ಸ್‌ಪಲ್ಸ್ 200ರಲ್ಲಿ 37 ಮಿ.ಮೀ. ಫೋರ್ಕ್, ಮುಂದೆ 190 ಮಿ.ಮೀ. ಓಟ, ಹಿಂದೆ 170. ಓಟ ಅಂದರೆ ಚಕ್ರ ಮೇಲೆ ಕೆಳಗೆ ಹೋಗುವ ದೂರ.

ಸುಲಭದ ದಾರಿ ಹೀರೊ ಕಂಪನಿಯದೇ ರ್ಯಾಲಿ ಕಿಟ್. 2020ರಲ್ಲಿ ಬಂದಾಗ ಅದರ ಬೆಲೆ 38,000 ರೂಪಾಯಿ ಆಸುಪಾಸು ಇತ್ತು. ಮುಂದೆ 250, ಹಿಂದೆ 220 ಮಿ.ಮೀ. ಓಟ, ಎರಡೂ ಕಡೆ ಹೊಂದಿಸಿಕೊಳ್ಳಬಹುದು. ಆಮೇಲೆ 4ವಿ ಪ್ರೊ ಮಾಡೆಲ್‌ಗೆ ಇದೇ 250 ಮತ್ತು 220 ಕಾರ್ಖಾನೆಯಿಂದಲೇ ಬಂತು. ಅದರ ಸೀಟ್ ಎತ್ತರ 891 ಮಿ.ಮೀ., ಮಾಮೂಲಿ 4ವಿದು 825. ಕಾಲು ನೆಲಕ್ಕೆ ಸಿಗುತ್ತಾ ಅಂತ ಶೋರೂಮಿನಲ್ಲಿ ಒಮ್ಮೆ ಕೂತು ನೋಡಿ, ಆಮೇಲೆ ದುಡ್ಡು ಬಿಚ್ಚಿ.

ಆ ಕಿಟ್ಟಿನಲ್ಲಿ ಉದ್ದದ ಸೈಡ್ ಸ್ಟ್ಯಾಂಡ್ ಕೂಡ ಇತ್ತು. ಯಾಕೆ ಅಂತ ಗಾಡಿ ಎತ್ತರ ಮಾಡಿ ಹಳೇ ಸ್ಟ್ಯಾಂಡಿನಲ್ಲಿ ನಿಲ್ಲಿಸಿದವರಿಗೆ ಗೊತ್ತು.

ಹಿಮಾಲಯನ್ ಫೋರ್ಕ್, ಅಥವಾ ಕೆಟಿಎಂ 390 ಅಡ್ವೆಂಚರ್ ಫೋರ್ಕ್ ಎಕ್ಸ್‌ಪಲ್ಸ್‌ಗೆ ಹಾಕಿದರೆ ಚೆನ್ನಾಗಿರುತ್ತಲ್ವಾ?

ನೋಡಲು ಚೆನ್ನಾಗಿರುತ್ತದೆ. ಲೆಕ್ಕ ಹಾಕಿ ನೋಡೋಣ.

ಹಳೇ ಹಿಮಾಲಯನ್ 411ರದು 41 ಮಿ.ಮೀ. ಫೋರ್ಕ್, 200 ಮಿ.ಮೀ. ಓಟ. ನಿಮಗೆ ಸಿಕ್ಕಿದ್ದು 10 ಮಿ.ಮೀ. ಆ ಗಾಡಿ ಎಕ್ಸ್‌ಪಲ್ಸ್‌ಗಿಂತ ಸುಮಾರು 40 ಕಿಲೋ ಭಾರ, ಸ್ಪ್ರಿಂಗೂ ಆ ಭಾರಕ್ಕೆ ತಕ್ಕದ್ದು. ಕೊಳವೆ ದಪ್ಪ, ಬಾಗುವುದು ಕಡಿಮೆ, ಅದು ನಿಜ. ಆದರೆ ಸ್ಪ್ರಿಂಗ್ ಬದಲಿಸದೆ ಓಡಿಸಿದರೆ ಕಲ್ಲು ದಾರಿಯಲ್ಲಿ ಮಣಿಕಟ್ಟು ಹೇಳುತ್ತದೆ.

390 ಅಡ್ವೆಂಚರ್ ಕಥೆ ಇನ್ನೂ ಮಜಾ. 2020ರಲ್ಲಿ ಬಂದ ಆ ಮಾಡೆಲ್‌ನದು 43 ಮಿ.ಮೀ. ಡಬ್ಲ್ಯುಪಿ ಕಂಪನಿಯ ಅಪೆಕ್ಸ್, ತಲೆಕೆಳಗಾದ ಫೋರ್ಕ್. ಓಟ 170 ಮಿ.ಮೀ. ಅಂದರೆ ನಿಮ್ಮ ಮಾಮೂಲಿ ಎಕ್ಸ್‌ಪಲ್ಸ್‌ಗಿಂತ 20 ಕಡಿಮೆ! ಅದರ ಮುಂದಿನ ವೀಲ್ 19 ಇಂಚು, ನಿಮ್ಮದು 21. ದುಡ್ಡು ಕೊಟ್ಟು ಓಟ ಕಳಕೊಂಡ ಹಾಗೆ. ಬಣ್ಣ ನೋಡಿ ಮರುಳಾಗುವವರಿಗೆ ನಾನು ಈ ಎರಡು ಅಂಕಿ ತೋರಿಸಿ ಸುಮ್ಮನಾಗುತ್ತೇನೆ.

ತಲೆಕೆಳಗಾದ ಫೋರ್ಕ್ ಯಾವಾಗಲೂ ಒಳ್ಳೆಯದು ತಾನೇ?

ದಪ್ಪ ಕೊಳವೆ ಮೇಲಿರುತ್ತದೆ, ಟಿ ಅದನ್ನು ಹಿಡಿಯುತ್ತದೆ, ಹಾಗಾಗಿ ಬ್ರೇಕ್ ಹಿಡಿದಾಗ ಮತ್ತು ಜಂಪ್ ಇಳಿದಾಗ ಕಡಿಮೆ ಬಾಗುತ್ತದೆ. ಮೋಟೋಕ್ರಾಸ್ ಗಾಡಿಗಳೆಲ್ಲ ಅದೇ. ತೊಂದರೆ ಅಂದರೆ ಸೀಲ್ ಕೆಳಮುಖ ಇರುತ್ತದೆ. ಹರಿದರೆ ಆಯಿಲ್ ನೇರ ಕೆಳಗಿಳಿದು ಡಿಸ್ಕು, ಪ್ಯಾಡುಗಳ ಮೇಲೆ ಬೀಳುತ್ತದೆ. ಕೆಸರಿನ ಸೀಸನ್ನಿನಲ್ಲಿ ಡಸ್ಟ್ ಸೀಲ್ ಇಳಿಸಿ ತೊಳೆಯುವ ಅಭ್ಯಾಸ ಇಲ್ಲದವರಿಗೆ ಮಾಮೂಲಿ ಫೋರ್ಕೇ ವಾಸಿ.

ಯಾವ ಗಾಡಿಗಳ ನಡುವೆ ಸಲೀಸಾಗಿ ಅದಲುಬದಲು ಆಗುತ್ತದೆ?

ಒಂದೇ ಕಂಪನಿ, ಒಂದೇ ಪೀಳಿಗೆ, ಒಂದು ರೇಸಿಗೆ ಇನ್ನೊಂದು ಕಾಡಿಗೆ. ಇಂಥ ಅಣ್ಣ ತಮ್ಮಂದಿರ ನಡುವೆ ಸಲೀಸು. ಯಮಹಾದ ವೈಝಡ್ ಮತ್ತು ಡಬ್ಲ್ಯುಆರ್ ಇದಕ್ಕೆ ಒಳ್ಳೆಯ ಉದಾಹರಣೆ. ಒಂದೇ ಕಾಲದ ಎರಡರಲ್ಲೂ ಫೋರ್ಕಿನ ಮೈ ಹೆಚ್ಚು ಕಡಿಮೆ ಒಂದೇ, ಒಳಗಿನ ಸ್ಪ್ರಿಂಗ್ ಮತ್ತು ಶಿಮ್‌ಗಳು (ಆಯಿಲ್ ಹರಿವನ್ನು ತಡೆಯುವ ತೆಳು ಬಿಲ್ಲೆಗಳು) ಬೇರೆ. ವೈಝಡ್ ಗಾಡಿಗಳಿಗೆ 2006ರಲ್ಲಿ ಬಂದ 48 ಮಿ.ಮೀ. ಕೆವೈಬಿ ಕಂಪನಿಯ ಎಸ್‌ಎಸ್‌ಎಸ್ ಫೋರ್ಕನ್ನು ಬೇರೆ ಕಂಪನಿಯ ಗಾಡಿಯವರೂ ಹುಡುಕಿಕೊಂಡು ಹೋಗುತ್ತಾರೆ. ಅಷ್ಟು ಹೆಸರು ಮಾಡಿದೆ. ಕೆಟಿಎಂನಲ್ಲಿ ಎಸ್‌ಎಕ್ಸ್ ಮತ್ತು ಇಎಕ್ಸ್‌ಸಿ ನಡುವೆಯೂ ಹೀಗೇ ನಡೆಯುತ್ತದೆ.

ಸುಜುಕಿಯ ಡಿಆರ್-ಝಡ್400ರದು ಇನ್ನೊಂದು ಪಾಠ. ಅದರ ಎಸ್ ಮಾಡೆಲ್‌ಗೆ 49 ಮಿ.ಮೀ. ಮಾಮೂಲಿ ಫೋರ್ಕ್, 2005ರಲ್ಲಿ ಬಂದ ಎಸ್‌ಎಂ ಮಾಡೆಲ್‌ಗೆ 47 ಮಿ.ಮೀ. ತಲೆಕೆಳಗಾದ ಫೋರ್ಕ್. ಚಾಸಿ ಒಂದೇ ಮನೆತನದ್ದು. ಹಾಗಾಗಿ ಅಮೆರಿಕ, ಆಸ್ಟ್ರೇಲಿಯಾ ಕಡೆ ಎಸ್ ಗಾಡಿಯವರು ಎಸ್‌ಎಂ ಮುಂಭಾಗವನ್ನು ಇಡಿಯಾಗಿ ಎತ್ತಿ ಹಾಕಿಕೊಳ್ಳುತ್ತಾರೆ. 49ರಿಂದ 47ಕ್ಕೆ ಇಳಿದರೂ ಅದನ್ನು ಮೇಲ್ದರ್ಜೆ ಎಂದೇ ಲೆಕ್ಕ ಹಾಕುತ್ತಾರೆ. ಬರೀ ದಪ್ಪದ ಅಂಕಿ ನೋಡಿ ತೀರ್ಮಾನ ಮಾಡಬಾರದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕವಾಸಾಕಿಯ ಕೆಡಿಎಕ್ಸ್ ಗಾಡಿಯವರು ಕೆಎಕ್ಸ್ ಫೋರ್ಕ್ ಹಾಕುವಾಗ ಮಾತ್ರ ಸ್ಟೆಮ್ ಒತ್ತಿ ಬದಲಿಸುವ ಕೆಲಸ ಇದೆ. ಅದಕ್ಕೆ ಈಗ ಬರುತ್ತೇನೆ.

ಸ್ಟೆಮ್ ಕೂರದಿದ್ದರೆ ಏನು ಮಾಡುವುದು?

ಇಡೀ ಕೆಲಸದ ಜೀವ ಇಲ್ಲೇ ಇದೆ. ಕಾಗದ, ಪೆನ್ನು, ವರ್ನಿಯರ್ ಹಿಡಿದು ಕೂರಿ.

ನಿಮ್ಮ ಗಾಡಿಯಲ್ಲಿ ಅಳೆಯಬೇಕಾದ್ದು: ಹೆಡ್ ಪೈಪಿನ ಮೇಲಿನ ಬೇರಿಂಗಿನಿಂದ ಕೆಳಗಿನ ಬೇರಿಂಗ್ ತನಕ ಉದ್ದ, ಎರಡೂ ಬೇರಿಂಗ್ ಕೂರುವ ಜಾಗದ ಒಳ ಅಳತೆ. ಹೊಸ ಸ್ಟೆಮ್ಮಿನಲ್ಲಿ: ಬೇರಿಂಗ್ ಕೂರುವ ಎರಡೂ ಜಾಗದ ದಪ್ಪ, ಅವುಗಳ ನಡುವಿನ ಉದ್ದ, ಮೇಲಿನ ಥ್ರೆಡ್ ಎಲ್ಲಿಂದ ಶುರು.

ಟೇಪರ್ ಬೇರಿಂಗ್ ಆದರೆ ಮೈಮೇಲೆ ನಂಬರ್ ಇರುತ್ತದೆ. 32005 ಅಂದರೆ ಒಳಗೆ 25, ಹೊರಗೆ 47, ದಪ್ಪ 15 ಮಿ.ಮೀ. 320/28 ಅಂದರೆ 28, 52, 16. 32006 ಅಂದರೆ 30, 55, 17. ಈಗ ಮೂರು ದಾರಿ ಕಾಣುತ್ತವೆ.

ಸ್ಟೆಮ್ಮಿನ ಉದ್ದ ಹೊಂದಿದ್ದು ದಪ್ಪ ಮಾತ್ರ ಬೇರೆ ಆಗಿದ್ದರೆ ಅದೃಷ್ಟವಂತರು. ಒಳ ಅಳತೆ ಹೊಸ ಸ್ಟೆಮ್ಮಿಗೆ, ಹೊರ ಅಳತೆ ನಿಮ್ಮ ಚಾಸಿಗೆ ಸರಿಯಾಗುವ ಬೇರಿಂಗ್ ಹುಡುಕಿದರೆ ಮುಗಿಯಿತು. ಆಲ್ ಬಾಲ್ಸ್ ರೇಸಿಂಗ್‌ನವರು ಇದಕ್ಕೆಂದೇ ಫೋರ್ಕ್ ಕನ್ವರ್ಶನ್ ಬೇರಿಂಗ್ ಮಾಡುತ್ತಾರೆ. ಯಾವ ಗಾಡಿಯ ಸ್ಟೆಮ್ ಯಾವ ಚಾಸಿಗೆ ಅಂತ ಪಟ್ಟಿಯನ್ನೂ ಇಟ್ಟಿದ್ದಾರೆ. ವಿದೇಶಿ ಗಾಡಿಗಳಿಗೆ ಅದು ತುಂಬ ಉಪಯೋಗ.

ಉದ್ದವೇ ಹೊಂದದಿದ್ದರೆ ನಿಮ್ಮ ಹಳೇ ಸ್ಟೆಮ್ಮನ್ನು ಹಳೇ ಟಿಯಿಂದ ಹೊರಗೊತ್ತಿ, ಹೊಸ ಟಿಯೊಳಗೆ ಕೂರಿಸುವುದು. ಇದಕ್ಕೆ ಹೈಡ್ರಾಲಿಕ್ ಪ್ರೆಸ್ ಬೇಕು, ಸುತ್ತಿಗೆ ಅಲ್ಲ. ಟಿಯನ್ನು ಬಿಸಿ ಮಾಡಿ, ಸ್ಟೆಮ್ಮನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಒತ್ತಿದರೆ ಗಲಾಟೆ ಮಾಡದೆ ಇಳಿಯುತ್ತದೆ. ನಮ್ಮ ಮನೆಯ ಫ್ರೀಜರಿನಲ್ಲಿ ಅವರೆಕಾಳಿನ ಪಕ್ಕ ಒಂದು ಸ್ಟೆಮ್ ಮಲಗಿದ್ದನ್ನು ನೋಡಿ ಅಮ್ಮ ಎರಡು ದಿನ ಮಾತಾಡಿಸಿರಲಿಲ್ಲ. ಕೆಲವು ಗಾಡಿಯಲ್ಲಿ ಟಿಯೂ ಉಕ್ಕಿನದೇ, ಸ್ಟೆಮ್ ಅದಕ್ಕೆ ವೆಲ್ಡ್ ಆಗಿರುತ್ತದೆ. ಅಲ್ಲಿ ಈ ದಾರಿ ಇಲ್ಲ.

ಎರಡೂ ಆಗದಿದ್ದರೆ ಹೊಸ ಸ್ಟೆಮ್ ಕೊರೆಸಬೇಕು. ಪೀಣ್ಯದಲ್ಲಿ ಇಂಥದ್ದನ್ನು ಚೊಕ್ಕವಾಗಿ ಮಾಡುವವರಿದ್ದಾರೆ. ಒಳ್ಳೆಯ ಉಕ್ಕು, ಡ್ರಾಯಿಂಗ್, ಒತ್ತಿ ಕೂರುವ ಜಾಗಕ್ಕೆ ಮಿ.ಮೀ.ನ ನೂರನೇ ಒಂದು ಭಾಗದ ಲೆಕ್ಕ, ಇಷ್ಟು ನೀವು ಕೊಡಬೇಕು. "ಟೈಟಾಗಿ ಬರಲಿ ಅಣ್ಣ" ಅಂದರೆ ಸಾಲದು.

ಸ್ಟೆಮ್ಮನ್ನು ಟಿಗೆ ವೆಲ್ಡ್ ಮಾಡಿಬಿಟ್ಟರೆ ಸುಲಭ ಅಲ್ವಾ?

ಬೇಡ. ಡರ್ಟ್ ಬೈಕಿನ ಟಿ ಸಾಮಾನ್ಯವಾಗಿ ಅಲ್ಯೂಮಿನಿಯಂ, ಸ್ಟೆಮ್ ಉಕ್ಕು. ಒಂದಕ್ಕೊಂದು ವೆಲ್ಡ್ ಹಿಡಿಯುವುದಿಲ್ಲ.

48 ಮಿ.ಮೀ. ಫೋರ್ಕ್ ಅಂದರೆ 48ರ ಟಿ ತಂದರೆ ಸಾಕಾ?

ಇಲ್ಲೇ ತುಂಬ ಜನ ಮೋಸ ಹೋಗುತ್ತಾರೆ. ನಾನೂ ಹೋಗಿದ್ದೇನೆ.

ತಲೆಕೆಳಗಾದ ಫೋರ್ಕಿನಲ್ಲಿ 48 ಅನ್ನುವುದು ಕೆಳಗೆ ಕಾಣುವ ಹೊಳೆಯುವ ಕೊಳವೆಯ ಅಳತೆ. ಟಿ ಹಿಡಿಯುವುದು ಹೊರಗಿನ ದಪ್ಪ ಕೊಳವೆಯನ್ನು. ಅದು 50 ಮಿ.ಮೀ. ದಾಟಿರುತ್ತದೆ. ಮೇಲಿನ ಟಿ ಹತ್ತಿರ ಒಂದು ಅಳತೆ, ಕೆಳಗಿನ ಟಿ ಹತ್ತಿರ ಇನ್ನೊಂದು, ಕೆಳಗೆ ಜಾಸ್ತಿ ದಪ್ಪ. ಎರಡೂ 48 ಎಂದು ಕರೆಸಿಕೊಂಡರೂ ಎರಡು ಕಂಪನಿಯ ಫೋರ್ಕ್ ಒಂದೇ ಟಿಗೆ ಕೂರುತ್ತದೆ ಅನ್ನುವ ಭರವಸೆ ಇಲ್ಲ.

ನನ್ನ ಮೊದಲ ಸಾಹಸದಲ್ಲಿ ಹೀಗೇ ಆಯಿತು. ಕೊಳವೆ ಒಂದು ಗಾಡಿಯದು, ಟಿ ಇನ್ನೊಂದರದು, ಕೆಳಗಿನ ತೂತು ಒಂದು ಮಿ.ಮೀ. ಸಣ್ಣ. ಒಂದು ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿದೆ. ಟಿಯನ್ನು ಎರಡು ಸಲ ಬೇರೆ ಬೇರೆಯಾಗಿ ಕಚ್ಚಿಸಿ ಕೊರೆದಿದ್ದರು. ಕಣ್ಣಿಗೆ ಸರಿಯಾಗಿಯೇ ಕಾಣುತ್ತಿತ್ತು. ಜೋಡಿಸಿ ಆಕ್ಸಲ್ ತೂರಿಸಲು ಹೋದರೆ ಒಂದು ಕಡೆ ಹೋಗುತ್ತದೆ, ಇನ್ನೊಂದು ಕಡೆ ತೂತು ಅರ್ಧ ಚಂದ್ರನ ಹಾಗೆ ಕಾಣುತ್ತದೆ. ಎರಡು ಕಾಲು ಒಂದಕ್ಕೊಂದು ಸಮಾನಾಂತರ ಇರಲಿಲ್ಲ. ಬಲವಂತ ಮಾಡಿ ಆಕ್ಸಲ್ ಬಡಿದೆ. ಫೋರ್ಕ್ ಒತ್ತಿದರೆ ಕೆಳಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು, ಮೇಲೆ ಬರುತ್ತಿರಲಿಲ್ಲ. ಟಿ, ಎರಡು ಬುಶ್, ಒಂದು ಸೀಲ್, ಮೂರು ವಾರ, ಎಲ್ಲ ಹೋಯಿತು.

ಉದ್ದ ಫೋರ್ಕ್ ಹಾಕಿದರೆ ಗಾಡಿ ಹೇಗೆ ಬದಲಾಗುತ್ತದೆ?

ಮುಂಭಾಗ ಎತ್ತರವಾಗುತ್ತದೆ, ಹೆಡ್ ಪೈಪ್ ಹಿಂದಕ್ಕೆ ಓರೆಯಾಗುತ್ತದೆ. ಎರಡು ಚಕ್ರದ ನಡುವೆ ಸುಮಾರು 1,400 ಮಿ.ಮೀ. ಇರುವ ಗಾಡಿಗೆ 25 ಮಿ.ಮೀ. ಉದ್ದದ ಫೋರ್ಕ್ ಹಾಕಿದರೆ ಹೆಚ್ಚು ಕಡಿಮೆ ಒಂದು ಡಿಗ್ರಿ ಓರೆ ಜಾಸ್ತಿ. ಟ್ರೇಲ್ 6–7 ಮಿ.ಮೀ. ಏರುತ್ತದೆ.

ಟ್ರೇಲ್ ಅಂದರೆ ಏನು? ಹೆಡ್ ಪೈಪಿನ ಗೆರೆಯನ್ನು ನೆಲದ ತನಕ ಎಳೆಯಿರಿ. ಟೈರ್ ನೆಲ ಮುಟ್ಟುವ ಜಾಗ ಆ ಗೆರೆಗಿಂತ ಎಷ್ಟು ಹಿಂದಿದೆಯೋ ಅದೇ ಟ್ರೇಲ್. ತರಕಾರಿ ತಳ್ಳುಗಾಡಿಯ ಮುಂದಿನ ಪುಟ್ಟ ಚಕ್ರ ತಾನಾಗಿ ಹಿಂದಕ್ಕೆ ತಿರುಗಿಕೊಂಡು ನೇರ ಓಡುತ್ತದಲ್ಲ, ಅದೇ ಗುಟ್ಟು. ಟ್ರೇಲ್ ಜಾಸ್ತಿಯಾದರೆ ವೇಗದಲ್ಲಿ ಗಾಡಿ ನೇರ ನಿಲ್ಲುತ್ತದೆ, ಆದರೆ ಕಾಫಿ ತೋಟದ ಸಂದಿಯಲ್ಲಿ ತಿರುಗಲು ಒದ್ದಾಡುತ್ತದೆ. ಕಡಿಮೆಯಾದರೆ ಹುರುಪಿನಿಂದ ತಿರುಗುತ್ತದೆ, 80ರ ವೇಗದಲ್ಲಿ ಮರಳು ಸಿಕ್ಕರೆ ಹ್ಯಾಂಡಲ್ ಕುಣಿಯುತ್ತದೆ.

ಹೊಸ ಟಿಯ ಆಫ್‌ಸೆಟ್ ಕೂಡ ಇದರಲ್ಲಿ ಕೈಯಾಡಿಸುತ್ತದೆ. ಸ್ಟೆಮ್ಮಿನ ನಡುಭಾಗದಿಂದ ಕೊಳವೆಗಳ ನಡುಭಾಗ ಎಷ್ಟು ಮುಂದಿದೆಯೋ ಅದು ಆಫ್‌ಸೆಟ್. ಇದು ಒಂದು ಮಿ.ಮೀ. ಕಡಿಮೆಯಾದರೆ ಟ್ರೇಲ್ ಒಂದು ಮಿ.ಮೀ.ಗಿಂತ ಚೂರು ಜಾಸ್ತಿ ಏರುತ್ತದೆ. ಫೋರ್ಕಿನ ಕೆಳಗೆ ಆಕ್ಸಲ್ ಕೊಳವೆಗಿಂತ ಎಷ್ಟು ಮುಂದಿದೆ ಅನ್ನುವುದನ್ನೂ ಸೇರಿಸಿ. ಅದನ್ನು ಮರೆಯುವವರೇ ಜಾಸ್ತಿ.

ಇನ್ನೊಂದು ವಿಷಯ. ಉದ್ದ ಓಟದ ಫೋರ್ಕ್ ನೀವು ಕೂತಾಗ ಜಾಸ್ತಿ ಕುಗ್ಗುತ್ತದೆ. 190ರ ಓಟ 50 ಕುಗ್ಗಿದರೆ 250ರದು 65 ಕುಗ್ಗಬಹುದು. ಹಾಗಾಗಿ 60 ಮಿ.ಮೀ. ಉದ್ದ ಜಾಸ್ತಿಯಾದರೂ ಓಡುವಾಗಿನ ಎತ್ತರ 45 ಮಾತ್ರ ಏರಿರುತ್ತದೆ. ಅದನ್ನು ಸರಿದೂಗಿಸಲು ಹಿಂದೆಯೂ ಏರಿಸಬೇಕು. ರ್ಯಾಲಿ ಕಿಟ್ಟಿನಲ್ಲಿ ಹಿಂದಿನ ಶಾಕ್ ಕೂಡ ಕೊಟ್ಟಿದ್ದು ಸುಮ್ನೆ ಅಲ್ಲ.

ಉದ್ದ ಜಾಸ್ತಿ ಆದರೆ ಕೊಳವೆಯನ್ನು ಟಿಯಲ್ಲಿ ಮೇಲಕ್ಕೆ ಏರಿಸಿದರೆ ಆಯಿತಲ್ಲ?

ಸ್ವಲ್ಪ ಆಗುತ್ತದೆ, ಹ್ಯಾಂಡಲ್ ಬಾರ್‌ಗೆ ತಾಗುವ ತನಕ. ಆದರೆ ಏರಿಸಿದಷ್ಟೂ ಫೋರ್ಕ್ ಪೂರ್ತಿ ಕುಗ್ಗಿದಾಗ ಟೈರ್ ಟಿಗೆ ಹತ್ತಿರ ಬರುತ್ತದೆ. ಅದಕ್ಕಿಂತ ಒಳಗೆ ಟಾಪ್‌ಔಟ್ ಸ್ಪ್ರಿಂಗ್ (ಫೋರ್ಕ್ ಪೂರ್ತಿ ಹೊರಬಂದಾಗ ತಡೆಯುವ ಪುಟ್ಟ ಸ್ಪ್ರಿಂಗ್) ಹತ್ತಿರ ಒಂದು ಸ್ಪೇಸರ್ ಹಾಕಿ ಓಟವನ್ನೇ ಕಡಿಮೆ ಮಾಡುವುದು ವಾಸಿ. 20 ಮಿ.ಮೀ. ಸ್ಪೇಸರ್ ಹಾಕಿದರೆ ಫೋರ್ಕ್ 20 ಮಿ.ಮೀ. ಕಡಿಮೆ ಹೊರಬರುತ್ತದೆ. ಕುಗ್ಗುವ ಕೊನೆ ಅಲ್ಲೇ ಇರುತ್ತದೆ. ಆಗ ಸ್ಪ್ರಿಂಗ್ ಮೇಲಿನ ಒತ್ತಡವೂ ಅಷ್ಟೇ ಏರುತ್ತದೆ, ಅದನ್ನು ಹೊಂದಿಸಿಕೊಳ್ಳಿ.

ಟೈರ್ ಎಲ್ಲಿಗಾದರೂ ತಾಗುತ್ತಾ ಅಂತ ಹೇಗೆ ನೋಡುವುದು?

ಓಡಿಸಿ ನೋಡಬೇಡಿ. ಶೆಡ್ಡಿನಲ್ಲೇ ನೋಡಿ.

ಇಂಜಿನ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಮುಂದಿನ ಚಕ್ರ ಎತ್ತಿ. ಎರಡೂ ಫೋರ್ಕಿನ ಕ್ಯಾಪ್ ಬಿಚ್ಚಿ ಸ್ಪ್ರಿಂಗ್ ತೆಗೆಯಿರಿ. ವೀಲ್, ಮಡ್‌ಗಾರ್ಡ್ ಎಲ್ಲ ಹಾಕಿರಲಿ. ಈಗ ಚಕ್ರದ ಕೆಳಗೆ ಜಾಕ್ ಇಟ್ಟು ಪೂರ್ತಿ ಮೇಲಕ್ಕೆ ಎತ್ತಿ, ಫೋರ್ಕ್ ಕೊನೆ ಮುಟ್ಟುವ ತನಕ. ಟಾರ್ಚ್ ಹಿಡಿದು ನೋಡಿ. ಟೈರಿಗೂ ಕೆಳಗಿನ ಟಿಗೂ ನಡುವೆ ಎಷ್ಟು ಜಾಗ? ಮಡ್‌ಗಾರ್ಡ್ ಬೋಲ್ಟಿನ ತಲೆ ಕೆಳಗೆ ಇಣುಕುತ್ತಿದೆಯಾ? ಹಾಗೇ ಹ್ಯಾಂಡಲ್ ಎಡಕ್ಕೆ, ಬಲಕ್ಕೆ ತಿರುಗಿಸಿ. ಸೈಲೆನ್ಸರ್ ಬೆಂಡ್, ರೇಡಿಯೇಟರ್, ಟ್ಯಾಂಕ್, ಕ್ಲಚ್ ಕೇಬಲ್, ಬ್ರೇಕ್ ಹೋಸ್, ಒಂದೊಂದನ್ನೂ ನೋಡಿ.

ನಾನು ಎರಡು ಬೆರಳು ಜಾಗ ಬಿಡುತ್ತೇನೆ. ನಮ್ಮ ಕಡೆಯ ಜೇಡಿ ಕೆಸರು ಟೈರಿಗೆ ಅಂಟಿಕೊಂಡರೆ ಟೈರ್ ಒಂದು ಸೈಜ್ ದಪ್ಪ ಆದ ಹಾಗೆ. ಮೂಡಿಗೆರೆ ಕಡೆ ಒಂದು ಇಳಿಜಾರಿನಲ್ಲಿ ಮಡ್‌ಗಾರ್ಡ್ ಬೋಲ್ಟು ಟೈರಿನ ಗುಬ್ಬಿಗಳನ್ನು ಸಾಲಾಗಿ ಕೊಯ್ದಿದ್ದನ್ನು ಮನೆಗೆ ಬಂದ ಮೇಲೆ ನೋಡಿದೆ. ಚಕ್ರ ಅಲ್ಲೇ ಕಚ್ಚಿಕೊಂಡಿದ್ದರೆ ಈ ಪುಟ ಬರೆಯಲು ನಾನಿರುತ್ತಿರಲಿಲ್ಲವೇನೋ.

ಒಂದು ಕಾಲು ಬೆಂಡ್ ಆಗಿದೆ. ಅದೊಂದನ್ನೇ ಬೇರೆ ಗಾಡಿಯದು ಹಾಕಬಹುದಾ?

ಬೇಡ. ಬೇರೆ ಮಾಡೆಲ್‌ನದು ಅಂತೂ ಬೇಡವೇ ಬೇಡ. ಈಗಿನ ಹಲವು ಫೋರ್ಕುಗಳಲ್ಲಿ ಎರಡು ಕಾಲು ಎರಡು ಕೆಲಸ ಮಾಡುತ್ತವೆ. ಶೋವಾದ ಎಸ್‌ಎಫ್‌ಎಫ್‌ನಲ್ಲಿ ಒಂದು ಕಾಲಲ್ಲಿ ಸ್ಪ್ರಿಂಗ್, ಇನ್ನೊಂದರಲ್ಲಿ ಡ್ಯಾಂಪಿಂಗ್. ಕೆಟಿಎಂ ಇಎಕ್ಸ್‌ಸಿಗೆ 2023ರ ತನಕ ಬಂದ ಎಕ್ಸ್‌ಪ್ಲೋರ್‌ನಲ್ಲಿ ಎರಡರಲ್ಲೂ ಸ್ಪ್ರಿಂಗ್ ಇದೆ, ಆದರೆ ಒಂದು ಕಾಲು ಕುಗ್ಗುವುದನ್ನು, ಇನ್ನೊಂದು ಮೇಲೇಳುವುದನ್ನು ನೋಡಿಕೊಳ್ಳುತ್ತದೆ. ಒಂದನ್ನು ಬಿಟ್ಟು ಇನ್ನೊಂದು ತಂದರೆ ಅರ್ಧ ಫೋರ್ಕ್ ತಂದ ಹಾಗೆ.

ಗಾಳಿ ಫೋರ್ಕ್ ಕಡಿಮೆ ಬೆಲೆಗೆ ಸಿಗುತ್ತಿದೆ. ತಗೊಳ್ಳಲಾ?

ಉಕ್ಕಿನ ಸ್ಪ್ರಿಂಗ್ ಬದಲು ಗಾಳಿಯ ಒತ್ತಡದ ಮೇಲೆ ನಿಲ್ಲುವ ಫೋರ್ಕ್ ಇದು. ಕಡಿಮೆಗೆ ಸಿಗಲು ಕಾರಣ ಇದೆ. ಹೋಂಡಾ ಸಿಆರ್‌ಎಫ್450ಆರ್ 2013ರಲ್ಲಿ ಗಾಳಿಗೆ ಹೋಗಿ 2017ರಲ್ಲಿ ಸ್ಪ್ರಿಂಗಿಗೆ ವಾಪಸ್ ಬಂತು. ಕವಾಸಾಕಿ ಕೆಎಕ್ಸ್450 ಕೂಡ 2019ರಲ್ಲಿ ವಾಪಸ್ ಬಂತು. ಯಮಹಾ ಆ ಕಡೆ ತಲೆಯೇ ಹಾಕಲಿಲ್ಲ. ಡಬ್ಲ್ಯುಪಿಯ ಗಾಳಿ ಫೋರ್ಕ್ ಕೆಟ್ಟದ್ದಲ್ಲ, ಹಗುರ, ನಿಮ್ಮ ತೂಕಕ್ಕೆ ಪಂಪ್ ಹೊಡೆದರೆ ಆಯಿತು. ಆದರೆ ಬೆಳಗ್ಗೆ ಚಳಿಯಲ್ಲಿ ಒಂದು ಒತ್ತಡ, ಮಧ್ಯಾಹ್ನ ಬಿಸಿಲಲ್ಲಿ ಇನ್ನೊಂದು. ಕಾಡಿನ ನಡುವೆ ಸೀಲ್ ಹೋದರೆ ಮುಂಭಾಗ ಕುಸಿದು ಕೂರುತ್ತದೆ. ದೂರ ಹೋಗುವವರಿಗೆ ನಾನು ಹೇಳುವುದಿಲ್ಲ.

ರೇಸ್ ಫೋರ್ಕ್ ಹಾಕಿದೆ. ಮೊದಲಿಗಿಂತ ಗಡುಸಾಗಿದೆ, ಯಾಕೆ?

ಅದು ಎರಡಾಳು ಎತ್ತರದ ಜಂಪ್ ಇಳಿಯಲು ಹೊಂದಿಸಿದ ಫೋರ್ಕ್. ನೀವು 15ರ ವೇಗದಲ್ಲಿ ಹಳ್ಳದ ಉರುಟು ಕಲ್ಲಿನ ಮೇಲೆ ಹೋಗುತ್ತಿದ್ದೀರಿ. ಸ್ಪ್ರಿಂಗ್ ಸರಿಯಿದ್ದರೂ ಶಿಮ್ ಜೋಡಣೆ ಗಟ್ಟಿ. ಮೊದಲು ಕ್ಲಿಕ್ಕರ್ (ಡ್ಯಾಂಪಿಂಗ್ ಹೊಂದಿಸುವ ಸ್ಕ್ರೂ) ಪೂರ್ತಿ ಸಡಿಲ ಮಾಡಿ ನೋಡಿ, ಆಮೇಲೂ ಗಡುಸಾದರೆ ಒಳಗಿನ ಶಿಮ್ ಬದಲಿಸಬೇಕು. ಅದಕ್ಕೂ ಮುಂಚೆ ಕೆಳಗಿನ ಟಿಯ ಬೋಲ್ಟ್ ನೋಡಿ. ಜಾಸ್ತಿ ಬಿಗಿ ಮಾಡಿದರೆ ಹೊರಗಿನ ಕೊಳವೆಯ ತೆಳು ಗೋಡೆ ಅಮುಕಿ ಒಳಗಿನದು ಉಜ್ಜುತ್ತದೆ. ಟಾರ್ಕ್ ರೆಂಚ್ ಇಲ್ಲದೆ ಈ ಬೋಲ್ಟ್ ಮುಟ್ಟಬೇಡಿ. ಕೈಪಿಡಿಯ ಅಂಕಿ ಅನೇಕ ಗಾಡಿಗಳಲ್ಲಿ 20 ನ್ಯೂಟನ್ ಮೀಟರಿನ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಕೈ ಅಂದಾಜಿಗೆ ಅದು ತೀರಾ ಸಡಿಲ ಅನ್ನಿಸುತ್ತದೆ.

ಬ್ರೇಕ್, ಎಬಿಎಸ್, ಮೀಟರ್, ಹ್ಯಾಂಡಲ್ ಲಾಕ್?

ಬ್ರೇಕ್: ಹೊಸ ಫೋರ್ಕಿನ ಕ್ಯಾಲಿಪರ್ ಜೊತೆಗೆ ಅದರದೇ ಮಾಸ್ಟರ್ ಸಿಲಿಂಡರ್. ಪಿಸ್ಟನ್ ಅಳತೆ ಹೊಂದದಿದ್ದರೆ ಲಿವರ್ ಮರದ ಹಾಗೆ ಗಟ್ಟಿ, ಇಲ್ಲವೇ ಸ್ಪಂಜಿನ ಹಾಗೆ ಮೆತ್ತಗೆ.

ಎಬಿಎಸ್: ಎಕ್ಸ್‌ಪಲ್ಸ್ 200ರಲ್ಲಿ ಒಂದೇ ಚಾನಲ್, ಅದೂ ಮುಂದಿನ ಚಕ್ರಕ್ಕೆ. ಸೆನ್ಸರ್ ಮತ್ತು ಹಲ್ಲಿನ ರಿಂಗ್ ಕೂರಿಸಲು ಹೊಸ ಮುಂಭಾಗದಲ್ಲಿ ಜಾಗ ಇಲ್ಲದಿದ್ದರೆ ಎಬಿಎಸ್ ಕಳಕೊಂಡಿರಿ ಅಂತಲೇ ಅರ್ಥ. ಬೀಗದ ಕೈ ಕೂರುವ ಜಾಗ ಮೇಲಿನ ಟಿಯಲ್ಲಿರುತ್ತದೆ. ರೇಸ್ ಗಾಡಿಯ ಟಿಯಲ್ಲಿ ಅದೂ ಇಲ್ಲ, ಹೆಡ್‌ಲೈಟ್, ಮೀಟರ್ ಕೂರಿಸುವ ಕಿವಿಗಳೂ ಇಲ್ಲ. ಹ್ಯಾಂಡಲ್ ತಿರುಗುವ ಕೊನೆಯಲ್ಲಿ ತಡೆಯುವ ಗುಬುಟು ಚಾಸಿಯದಕ್ಕೆ ಸರಿಯಾಗಿ ತಾಗುತ್ತಾ ನೋಡಿ. ಇಲ್ಲದಿದ್ದರೆ ಮೊದಲ ಸಲ ಬಿದ್ದಾಗಲೇ ಫೋರ್ಕ್ ಟ್ಯಾಂಕನ್ನು ಗುದ್ದುತ್ತದೆ.

ಹಳೇ ಇಂಪಲ್ಸ್ ಅಥವಾ ಆರ್‌ಎಕ್ಸ್‌ಗೆ ಡರ್ಟ್ ಬೈಕ್ ಫೋರ್ಕ್ ಹಾಕಬಹುದಾ?

ಹೀರೊ ಇಂಪಲ್ಸ್ 2011ರಲ್ಲಿ ಬಂದ 150 ಸಿಸಿ ಗಾಡಿ, ಮುಂದೆ 19 ಇಂಚಿನ ವೀಲ್. 21 ಇಂಚಿನ ಮುಂಭಾಗ ಇಡಿಯಾಗಿ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಮೇಲೆ ಹೇಳಿದ ಸ್ಟೆಮ್ ಅಳತೆ ಮಾಡಿ, ಹಿಂದೆಯೂ ಎತ್ತರ ಹೊಂದಿಸಿ. ಆರ್‌ಎಕ್ಸ್ ವಿಷಯದಲ್ಲಿ ನನಗೆ ಭಯ ಇದೆ. ಅದು ರಸ್ತೆಗೆಂದು ಮಾಡಿದ ಹಗುರ ಚಾಸಿ. ಉದ್ದ ಫೋರ್ಕ್ ಅಂದರೆ ಉದ್ದದ ಸನಿಕೆ, ಪ್ರತಿ ಗುದ್ದಿಗೂ ಹೆಡ್ ಪೈಪಿನ ವೆಲ್ಡನ್ನು ಮೀಟುತ್ತದೆ. ಡರ್ಟ್ ಟ್ರ್ಯಾಕ್‌ನವರು ಅಲ್ಲಿ ಪಟ್ಟಿ ಕೊಟ್ಟು ಬಲಪಡಿಸುವುದನ್ನು ನೋಡಿರುತ್ತೀರಿ. ಅದನ್ನು ಮಾಡದೆ ಬರೀ ಫೋರ್ಕ್ ಹಾಕಬೇಡಿ.

ಸೆಕೆಂಡ್ ಹ್ಯಾಂಡ್ ಫೋರ್ಕಿನಲ್ಲಿ ಏನು ನೋಡಬೇಕು?

ಜೆ.ಸಿ. ರಸ್ತೆಯಾಗಲಿ, ಶಿವಾಜಿನಗರವಾಗಲಿ, ಜೊತೆಗೆ ಒಂದು ಗಾಜಿನ ತುಂಡು ಒಯ್ಯಿರಿ. ಅದರ ಮೇಲೆ ಕೊಳವೆ ಉರುಳಿಸಿದರೆ ಬೆಂಡ್ ಇದ್ದ ಕಡೆ ಬೆಳಕಿನ ಸಂದಿ ಕುಣಿಯುತ್ತದೆ. ಉಗುರು ಎಳೆದು ನೋಡಿ, ಗೀರಿಗೆ ಸಿಕ್ಕಿಕೊಂಡರೆ ಸೀಲ್ ಉಳಿಯುವುದಿಲ್ಲ. ಆಕ್ಸಲ್ ಹಿಡಿಯುವ ಭಾಗದಲ್ಲಿ ವೆಲ್ಡ್ ಗುರುತು ಕಂಡರೆ ಚಹಾ ಕುಡಿದು ವಾಪಸ್ ಬನ್ನಿ.

ಪೊಲೀಸ್, ಆರ್‌ಟಿಒ ತೊಂದರೆ ಇದೆಯಾ?

ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಣೆಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು. ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳ ತನಕ ಜೈಲು, ಅಥವಾ ಎರಡೂ. ಅಪಘಾತ ಆದರೆ ಇನ್ಶೂರೆನ್ಸ್‌ನವರಿಗೂ ತಕರಾರು ತೆಗೆಯಲು ದಾರಿ ಮಾಡಿಕೊಟ್ಟ ಹಾಗೆ. ಬೇರೆ ಗಾಡಿಯ ಫೋರ್ಕ್ ಹಾಕಿದ ಮೇಲೆ ಅದು ಟ್ರ್ಯಾಕ್ ಮತ್ತು ಖಾಸಗಿ ಜಾಗದ ಗಾಡಿ ಅಂತ ಒಪ್ಪಿಕೊಳ್ಳಿ. ಟ್ರ್ಯಾಕಿಗೆ ಟಾಟಾ ಏಸ್‌ನಲ್ಲಿ ಹಾಕಿಕೊಂಡು ಹೋಗಿ.

ಎಲ್ಲ ಕೂತಿದೆ. ಬಿಗಿ ಮಾಡುವ ಕ್ರಮ ಏನು?

ಮೊದಲು ಸ್ಟೆಮ್ಮಿನ ಅಡ್ಜಸ್ಟರ್ ನಟ್ ಬಿಗಿ ಮಾಡಿ, ಹ್ಯಾಂಡಲ್ ಕೊನೆಯಿಂದ ಕೊನೆಗೆ ನಾಲ್ಕೈದು ಸಲ ತಿರುಗಿಸಿ, ಆಮೇಲೆ ಚೂರು ಸಡಿಲಿಸಿ. ಚಕ್ರ ಎತ್ತಿ ಹ್ಯಾಂಡಲ್ ಮೆಲ್ಲಗೆ ತಟ್ಟಿದರೆ ತನ್ನ ಭಾರಕ್ಕೆ ತಾನೇ ಒಂದು ಕಡೆ ವಾಲಬೇಕು. ಫೋರ್ಕಿನ ಬುಡ ಹಿಡಿದು ಹಿಂದೆ ಮುಂದೆ ಎಳೆದರೆ ಟಕ್ ಅನ್ನಬಾರದು. ಆಮೇಲೆ ಮೇಲಿನ ಸ್ಟೆಮ್ ನಟ್, ಆಮೇಲೆ ಟಿಯ ಬೋಲ್ಟ್‌ಗಳು.

ಆಕ್ಸಲ್ ನಟ್ ಬಿಗಿ ಮಾಡಿದ ಮೇಲೆ ಫೋರ್ಕಿನ ಬುಡದಲ್ಲಿ ಆಕ್ಸಲ್ ಅಮುಕಿ ಹಿಡಿಯುವ ಪಿಂಚ್ ಬೋಲ್ಟ್ ಸಡಿಲವೇ ಇರಲಿ. ಚಕ್ರ ನೆಲಕ್ಕಿಟ್ಟು, ಮುಂದಿನ ಬ್ರೇಕ್ ಹಿಡಿದು, ಮುಂಭಾಗವನ್ನು ಐದಾರು ಸಲ ಜೋರಾಗಿ ಕುಕ್ಕಿ. ಕಾಲುಗಳು ತಮ್ಮ ಜಾಗ ಹುಡುಕಿಕೊಳ್ಳುತ್ತವೆ. ಆಗ ಪಿಂಚ್ ಬೋಲ್ಟ್ ಬಿಗಿ ಮಾಡಿ. ಮೊದಲ ದಿನ ಹತ್ತು ಕಿ.ಮೀ. ನಿಧಾನಕ್ಕೆ ಓಡಿಸಿ ಎಲ್ಲ ಬೋಲ್ಟ್ ಮತ್ತೆ ನೋಡಿ. ನೂರು ಕಿ.ಮೀ. ಆದ ಮೇಲೆ ಕೋನ್ ಸೆಟ್ ಖಂಡಿತ ಸಡಿಲ ಆಗಿರುತ್ತದೆ, ಇನ್ನೊಮ್ಮೆ ಹೊಂದಿಸಿ.

ಬಿಚ್ಚಿದ ಹಳೇ ಫೋರ್ಕ್ ಮಾರಿಬಿಡಲಾ?

ಮಾರಬೇಡಿ. ಗಾಡಿ ಮಾರುವ ದಿನ, ಆರ್‌ಸಿ ನವೀಕರಿಸುವ ದಿನ ಅದು ಬೇಕು. ಟಿ, ಸ್ಟೆಮ್, ಆಕ್ಸಲ್, ಸ್ಪೇಸರ್ ಸಮೇತ ಗೋಣಿಚೀಲದಲ್ಲಿ ಸುತ್ತಿ, ಕೊಳವೆಗೆ ಚೂರು ಗ್ರೀಸ್ ಹಚ್ಚಿ ಅಟ್ಟದ ಮೇಲಿಡಿ. ಸ್ಪೇಸರ್‌ಗಳನ್ನು ಮಾತ್ರ ಆಕ್ಸಲ್‌ಗೇ ಪೋಣಿಸಿ, ತಂತಿಯಲ್ಲಿ ಕಟ್ಟಿ, ಎಡ ಬಲ ಅಂತ ಚೀಟಿ ಬರೆದು ಅಂಟಿಸಿ. ಮೂರು ವರ್ಷ ಆದ ಮೇಲೆ ಯಾವುದು ಎಡ ಅಂತ ಯಾರಿಗೂ ನೆನಪಿರುವುದಿಲ್ಲ.